ಸ್ನ್ಯಾಪ್‌ಡ್ರ್ಯಾಗನ್ ಬಾಡಿದಾಗ ನೀರು ಹಾಕುವ ಮೊದಲು ಮಣ್ಣು ಮುಟ್ಟಿ ನೋಡಿ

ಪ್ರಶ್ನೆ: ನವೆಂಬರ್‌ನಲ್ಲಿ ನರ್ಸರಿಯಿಂದ ಸ್ನ್ಯಾಪ್‌ಡ್ರ್ಯಾಗನ್ ಸಸಿಗಳನ್ನು ತಂದು 8 ಇಂಚಿನ ಪ್ಲಾಸ್ಟಿಕ್ ಪಾಟುಗಳಲ್ಲಿ ನೆಟ್ಟೆ. ಬೆಂಗಳೂರಿನಲ್ಲಿ ನಮ್ಮ ಮನೆ ಟೆರೇಸ್ ಮೇಲೆ ಇಟ್ಟಿದ್ದೇನೆ. ದಿನಾ ಬೆಳಗ್ಗೆ ಮತ್ತು ಸಂಜೆ ಪೈಪ್ ಹಿಡಿದು ಮೇಲಿನಿಂದ ನೀರು ಹಾಕುತ್ತೇನೆ. ಮೊದಲು ಚೆನ್ನಾಗಿದ್ದವು. ಈಗ ಜನವರಿಯಲ್ಲಿ ಕೆಳಗಿನ ಎಲೆಗಳು ಹಳದಿಯಾಗುತ್ತಿವೆ. ಮೂರು ಗಿಡ ಪೂರ್ತಿ ಬಾಡಿವೆ, ನೀರು ಜಾಸ್ತಿ ಮಾಡಿದರೂ ಎದ್ದಿಲ್ಲ. ಕೆಲವು ಎಲೆಗಳ ಹಿಂದೆ ಕಂದು ಪುಡಿ ಇದೆ. ಪೆಟೂನಿಯಾ, ಗುಲಾಬಿ, ದಾಸವಾಳ, ಮಲ್ಲಿಗೆಯೂ ಅಲ್ಲೇ ಇವೆ. ಹೂಗಿಡಗಳಿಗೆ ದಿನಕ್ಕೆ ಎಷ್ಟು ನೀರು ಹಾಕಬೇಕು?

ಉತ್ತರ: ನಮಸ್ಕಾರ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಎರಡಕ್ಕೂ ಕಾರಣ ನೀರು ಹಾಕುವ ರೀತಿ. ಗಿಡಗಳು ಬಾಡುತ್ತಿರುವುದು ನೀರು ಸಾಲದೆ ಅಲ್ಲ, ಬೇರು ಕೊಳೆಯುತ್ತಿರುವುದರಿಂದ. ಎಲೆ ಹಿಂದಿನ ಕಂದು ಪುಡಿ ತುಕ್ಕು ರೋಗ. ಇವತ್ತು ಸಂಜೆಯಿಂದಲೇ ಪೈಪ್ ಪಕ್ಕಕ್ಕಿಡಿ. ಮುಂದಿನದನ್ನು ಒಂದೊಂದಾಗಿ ಹೇಳುತ್ತೇನೆ.

ಬಾಡಿದ ಗಿಡ ಕಂಡ ಕೂಡಲೇ ನೀರು ಹಾಕಬೇಕು ಅನ್ನಿಸುವುದು ಸಹಜ. ಆದರೆ ಗಿಡ ಎರಡು ಕಾರಣಕ್ಕೆ ಬಾಡುತ್ತದೆ. ಮಣ್ಣಿನಲ್ಲಿ ನೀರು ಇಲ್ಲದಿದ್ದರೆ ಬಾಡುತ್ತದೆ. ನೀರಿದ್ದೂ ಅದನ್ನು ಹೀರುವ ಬೇರು ಸತ್ತಿದ್ದರೂ ಬಾಡುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಬೆರಳನ್ನು ಎರಡು ಇಂಚು ಮಣ್ಣಿನೊಳಗೆ ಇಳಿಸಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ಇನ್ನೊಂದು ಮಗ್ ನೀರು ಹಾಕಿದಷ್ಟೂ ಅದರ ಸ್ಥಿತಿ ಕೆಡುತ್ತದೆ. ನಿಮ್ಮ ಮೂರು ಗಿಡಗಳಿಗೆ ಆಗಿರುವುದು ಬಹುಶಃ ಇದೇ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಜಾಗದಲ್ಲಿ ಆ ಗಾಳಿ ಇರುತ್ತದೆ. ನೀರು ಹಾಕಿದಾಗ ಆ ಜಾಗ ತುಂಬುತ್ತದೆ, ನೀರು ಇಳಿದು ಹೋದಂತೆ ಹೊಸ ಗಾಳಿ ಒಳಗೆ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಹಾಕುತ್ತಾ ಹೋದರೆ ಆ ಜಾಗ ಖಾಲಿಯಾಗುವುದೇ ಇಲ್ಲ. ಬೇರಿಗೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ. ದುರ್ಬಲವಾದ ಬೇರನ್ನು ಪಿಥಿಯಂ, ಫೈಟಾಫ್ತೊರಾದಂಥ ಕೊಳೆ ರೋಗ ತರುವ ಸೂಕ್ಷ್ಮಜೀವಿಗಳು ಹಿಡಿಯುತ್ತವೆ. ಇವು ನೀರು ನಿಂತ ಮಣ್ಣಿನಲ್ಲೇ ಚೆನ್ನಾಗಿ ಹರಡುವಂಥವು.

ಸ್ನ್ಯಾಪ್‌ಡ್ರ್ಯಾಗನ್ ಮೂಲತಃ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗಿಡ. ಅಲ್ಲಿ ಕಲ್ಲುಸಂದುಗಳಲ್ಲಿ, ಹಳೆ ಗೋಡೆಗಳ ಬಿರುಕುಗಳಲ್ಲಿ ತಾನಾಗಿ ಬೆಳೆಯುತ್ತದೆ. ನೀರು ನಿಲ್ಲದ ಜಾಗ, ತಂಪು ಹವೆ, ಒಳ್ಳೆ ಬಿಸಿಲು ಅದಕ್ಕೆ ಇಷ್ಟ. ಹಾಗಂತ ಪೂರ್ತಿ ಒಣಗಿಸಿದರೂ ಸಹಿಸುವುದಿಲ್ಲ. ಮೊಗ್ಗು ಕಟ್ಟುವ ಹೊತ್ತಿಗೆ ಒಣಗಿದರೆ ಹೂದಂಡ ಗಿಡ್ಡವಾಗುತ್ತದೆ, ಹೂ ಬೇಗ ಉದುರುತ್ತದೆ. ಮೇಲಿನ ಒಂದು ಇಂಚು ಮಣ್ಣು ಒಣಗಿರಬೇಕು, ಅದರ ಕೆಳಗೆ ತೇವ ಇರಬೇಕು. ಆಗ ನೀರು ಹಾಕಿ.

ಈಗ ಬಾಡಿರುವ ಮೂರು ಗಿಡಗಳ ವಿಷಯ. ಪಾಟನ್ನು ಓರೆ ಮಾಡಿ, ಬುಡದ ಹತ್ತಿರ ಅಂಗೈ ಕೊಟ್ಟು, ಮಣ್ಣಿನ ಸಮೇತ ಗಿಡವನ್ನು ಮೆಲ್ಲಗೆ ಹೊರಗೆ ತೆಗೆಯಿರಿ. ಬೇರು ಬೆಳ್ಳಗೆ, ಗಟ್ಟಿಯಾಗಿದ್ದರೆ ಜೀವ ಇದೆ. ಕಂದಾಗಿ, ಲೋಳೆಯಾಗಿ, ಬೆರಳಿನಲ್ಲಿ ಎಳೆದಾಗ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ಕೊಳೆತ ಬೇರು. ಕೊಳೆತ ವಾಸನೆಯೂ ಬರಬಹುದು. ಅರ್ಧದಷ್ಟಾದರೂ ಬಿಳಿ ಬೇರು ಇದ್ದರೆ ಪ್ರಯತ್ನ ಮಾಡಬಹುದು. ಕೊಳೆತದ್ದನ್ನು ಕತ್ತರಿಸಿ, ಮೊಗ್ಗು ಹೂಗಳನ್ನೂ ಗಿಡದ ಮೇಲಿನ ಮೂರನೇ ಒಂದು ಭಾಗವನ್ನೂ ತೆಗೆದು, ಹೊಸ ಮಣ್ಣಿಗೆ ಹಾಕಿ. ಒಂದು ಸಲ ಹದವಾಗಿ ನೀರು ಕೊಟ್ಟು ನಾಲ್ಕು ದಿನ ನೆರಳಿನಲ್ಲಿಡಿ. ಮೇಲ್ಮಣ್ಣು ಒಣಗುವ ತನಕ ಮತ್ತೆ ನೀರು ಬೇಡ. ಬೇರು ಪೂರ್ತಿ ಹೋಗಿದ್ದರೆ ಗಿಡವನ್ನು ಎಸೆದುಬಿಡಿ. ಆ ಮಣ್ಣನ್ನು ಬೇರೆ ಪಾಟಿಗೆ ಹಾಕಬೇಡಿ. ಪಾಟನ್ನು ಸೋಪು ಹಾಕಿ ತೊಳೆದು ಬಿಸಿಲಿನಲ್ಲಿ ಒಣಗಿಸಿ.

ಉಳಿದ ಗಿಡಗಳಿಗೂ ಒಂದು ಪರೀಕ್ಷೆ ಬೇಕು. ಪಾಟಿನ ತಳದ ತೂತುಗಳು ತೆರೆದಿವೆಯೇ ನೋಡಿ. ಎಷ್ಟೋ ಪ್ಲಾಸ್ಟಿಕ್ ಪಾಟುಗಳಲ್ಲಿ ತೂತಿನ ಗುರುತು ಮಾತ್ರ ಇರುತ್ತದೆ, ಅದನ್ನು ನಾವೇ ಚುಚ್ಚಿ ತೆಗೆಯಬೇಕು. ಕೆಳಗೆ ತಟ್ಟೆ ಇಟ್ಟಿದ್ದರೆ, ನೀರು ಹಾಕಿದ ಅರ್ಧ ಗಂಟೆಯಲ್ಲಿ ತಟ್ಟೆಯ ನೀರನ್ನು ಚೆಲ್ಲಿ. ನಿಂತ ನೀರಿನಲ್ಲಿ ಸೊಳ್ಳೆಯೂ ಮೊಟ್ಟೆ ಇಡುತ್ತದೆ.

ಪಾಟಿನ ತಳಕ್ಕೆ ಜಲ್ಲಿ ಅಥವಾ ಇಟ್ಟಿಗೆ ಚೂರು ತುಂಬುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ನೀರು ಚೆನ್ನಾಗಿ ಇಳಿಯಲಿ ಎಂದು ಮಾಡುತ್ತೇವೆ, ಆದರೆ ಆಗುವುದು ಬೇರೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಗಾಳಿಯಲ್ಲಿ ಹಿಡಿದು ನೋಡಿ. ತೊಟ್ಟಿಕ್ಕುವುದು ನಿಂತ ಮೇಲೂ ಅದರ ಕೆಳಗಿನ ಅಂಚಿನಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ಪಾಟಿನ ಮಣ್ಣಿನಲ್ಲೂ ಹೀಗೇ ತಳದಲ್ಲಿ ಒಂದು ಪದರ ಸದಾ ಒದ್ದೆ ಇರುತ್ತದೆ. ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ತುಂಬಿ ತುಳುಕಿದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ಜಲ್ಲಿ ಹಾಕಿದರೆ ಆ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಬೇರಿಗೆ ಸಿಗುವ ಮಣ್ಣೂ ಕಡಿಮೆಯಾಗುತ್ತದೆ. ತೂತಿನಿಂದ ಮಣ್ಣು ಹೋಗದಂತೆ ಒಂದು ಹೆಂಚಿನ ಚೂರು ಅಥವಾ ತೆಂಗಿನ ನಾರು ಇಟ್ಟರೆ ಸಾಕು. ನೀರು ಬಸಿಯಬೇಕಾದರೆ ಇಡೀ ಮಣ್ಣೇ ಹಗುರವಾಗಿರಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು) ಸೇರಿಸಿದರೆ ಈ ಗಿಡಕ್ಕೆ ಒಗ್ಗುತ್ತದೆ.

ಕೋಕೋಪೀಟ್ ಜಾಸ್ತಿ ಇರುವ ಮಿಶ್ರಣದಲ್ಲಿ ಕಣ್ಣು ಮೋಸ ಹೋಗುತ್ತದೆ. ಮೇಲೆ ಒಣಗಿ ತಿಳಿ ಕಂದಾಗಿ ಕಾಣುತ್ತದೆ, ಎರಡು ಇಂಚು ಕೆಳಗೆ ನೀರು ಹಿಂಡಬಹುದು. ನರ್ಸರಿ ಸಸಿಗಳ ಬೇರಿನ ಸುತ್ತ ಇಂಥದ್ದೇ ಮುದ್ದೆ ಇರುವುದುಂಟು. ಇನ್ನೊಂದು ಕಡೆ, ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಣ್ಣು ಕುಗ್ಗಿ ಪಾಟಿನ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರೆಲ್ಲ ಆ ಸಂದಿನಿಂದ ಸರ್ರನೆ ಕೆಳಗೆ ಹೋಗುತ್ತದೆ. ತಳದಿಂದ ನೀರು ಬಂತಲ್ಲ, ಸಾಕು ಅಂದುಕೊಳ್ಳುತ್ತೇವೆ. ಒಳಗಿನ ಮುದ್ದೆ ಮಾತ್ರ ಒಣಗಿಯೇ ಇರುತ್ತದೆ. ಹೀಗಾದಾಗ ಪಾಟನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಇಟ್ಟು, ಆಮೇಲೆ ಎತ್ತಿ ಬಸಿಯಲು ಬಿಡಿ.

ಬೆರಳಿಗಿಂತ ಬೇಗ ಉತ್ತರ ಕೊಡುವುದು ಪಾಟಿನ ತೂಕ. ನೀರು ಹಾಕಿ ಬಸಿದ ಮೇಲೆ ಒಂದು ಪಾಟನ್ನು ಎತ್ತಿ ನೋಡಿ. ಎರಡು ದಿನ ಬಿಟ್ಟು ಮತ್ತೆ ಎತ್ತಿ. ಒಂದು ವಾರದಲ್ಲಿ ಕೈಗೆ ಅಂದಾಜು ಬರುತ್ತದೆ. ಟೆರೇಸ್ ತುಂಬಾ ಪಾಟುಗಳಿರುವವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ಅಗ್ಗದ ತೇವಾಂಶ ಮೀಟರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವು ಮಣ್ಣಿನ ಉಪ್ಪಿನ ಅಂಶಕ್ಕೂ ಮುಳ್ಳು ಆಡಿಸುತ್ತವೆ.

ದಿನಕ್ಕೆ ಎಷ್ಟು ಎಂದು ಕೇಳಿದ್ದೀರಿ. ದಿನದ ಲೆಕ್ಕ ಬೇಡ, ಸಲದ ಲೆಕ್ಕ ಇಟ್ಟುಕೊಳ್ಳಿ. ಹಾಕುವ ದಿನ ತಳದ ತೂತಿನಿಂದ ಸ್ವಲ್ಪ ಹೊರಬರುವ ತನಕ ಹಾಕಿ. 8 ಇಂಚಿನ ಪಾಟಿಗೆ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಹಿಡಿಯುತ್ತದೆ. ಆಮೇಲೆ ಮೇಲ್ಮಣ್ಣು ಒಣಗುವ ತನಕ ಮುಟ್ಟಬೇಡಿ. ಬೆಂಗಳೂರಿನ ಡಿಸೆಂಬರ್, ಜನವರಿ ಹವೆಯಲ್ಲಿ ಪ್ಲಾಸ್ಟಿಕ್ ಪಾಟಿಗೆ ಎರಡು ಅಥವಾ ಮೂರು ದಿನಕ್ಕೊಮ್ಮೆ ಸಾಕಾಗಬಹುದು. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆವಿಯಾಗುವುದರಿಂದ ಅದು ಬೇಗ ಒಣಗುತ್ತದೆ. ಫೆಬ್ರವರಿ ಕೊನೆಗೆ ಒಣಗಾಳಿ ಶುರುವಾಗುತ್ತದೆ, ಗಿಡವೂ ದೊಡ್ಡದಾಗಿರುತ್ತದೆ. ಆಗ ದಿನಾ ಬೇಕಾಗಬಹುದು. ಪ್ಯಾರಪೆಟ್ ಪಕ್ಕ ಗಾಳಿಗೆ ಸಿಕ್ಕ ಪಾಟಿಗೂ ಗೋಡೆ ಮರೆಯಲ್ಲಿರುವ ಪಾಟಿಗೂ ಒಂದೇ ಟೆರೇಸಿನಲ್ಲಿ ಲೆಕ್ಕ ಬೇರೆ ಬೇರೆ. ದಿನಾ ಎರಡು ಮಗ್ ಎಂಬ ನಿಯಮ ಸರಿ ಹೋಗದಿರುವುದು ಇದಕ್ಕೇ.

ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದೂ ಒಳ್ಳೆಯದಲ್ಲ. ಮೇಲಿನ ಅರ್ಧ ಇಂಚು ಮಾತ್ರ ನೆನೆಯುತ್ತದೆ, ಬೇರು ಕೂಡ ಅಲ್ಲೇ ಮೇಲೆಯೇ ಉಳಿಯುತ್ತದೆ. ಒಂದು ದಿನ ಊರಿಗೆ ಹೋಗಿ ಬಂದರೆ ಗಿಡ ತಲೆ ಬಾಗಿಸಿರುತ್ತದೆ.

ನೆಲದ ಪಾತಿಯಲ್ಲಿ ಬೆಳೆಸುವವರಿಗೂ ಒಂದು ಅಂದಾಜು ಹೇಳುತ್ತೇನೆ. ಹೂಗಿಡಗಳಿಗೆ ಮಳೆಯೂ ಸೇರಿ ವಾರಕ್ಕೆ ಸುಮಾರು ಒಂದು ಇಂಚು ನೀರು ಎನ್ನುವುದು ಹಳೆಯ ಲೆಕ್ಕ. ಒಂದು ಚದರ ಮೀಟರಿಗೆ ಅದು 25 ಲೀಟರ್ ಆಗುತ್ತದೆ. ಮೂರಡಿ ಉದ್ದ, ಮೂರಡಿ ಅಗಲದ ಪಾತಿಗೆ 20 ಲೀಟರಿಗಿಂತ ಸ್ವಲ್ಪ ಜಾಸ್ತಿ. ಬೆಂಗಳೂರು, ಕೋಲಾರದ ಕೆಂಪು ಮಣ್ಣಿನಲ್ಲಿ ಇದನ್ನು ಎರಡು ಮೂರು ಸಲ ಹಂಚಿ ಕೊಡಿ. ಧಾರವಾಡ, ವಿಜಯಪುರ ಕಡೆಯ ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಅಲ್ಲಿ ವಾರಕ್ಕೊಂದು ಸಲ ಸಾಕಾಗಬಹುದು, ಪಾತಿಯನ್ನು ಅರ್ಧ ಅಡಿ ಎತ್ತರಿಸಿ ಮಾಡುವುದು ಮುಖ್ಯ. ಪೈಪಿನಿಂದ ಎಷ್ಟು ನೀರು ಬರುತ್ತದೆ ಅಂತ ತಿಳಿಯಬೇಕಾದರೆ ಒಮ್ಮೆ ಬಕೆಟ್ ತುಂಬಲು ಹಿಡಿಯುವ ಸಮಯ ನೋಡಿಕೊಳ್ಳಿ.

ಇನ್ನು ಆ ಕಂದು ಪುಡಿ. ಎಲೆಯ ಹಿಂಭಾಗದಲ್ಲಿ ಉಂಗುರದ ಹಾಗೆ ಸಣ್ಣ ಗುಳ್ಳೆಗಳೆದ್ದು, ಒಡೆದು, ಚಾಕೊಲೇಟ್ ಬಣ್ಣದ ಪುಡಿ ಬೆರಳಿಗೆ ಅಂಟುತ್ತಿದ್ದರೆ ಅದು ಸ್ನ್ಯಾಪ್‌ಡ್ರ್ಯಾಗನ್ ತುಕ್ಕು ರೋಗವೇ. ಪಕ್ಸೀನಿಯಾ ಆಂಟಿರೈನಿ ಎಂಬ ಶಿಲೀಂಧ್ರದಿಂದ ಬರುತ್ತದೆ. ನಿಮ್ಮ ಗುಲಾಬಿಗೋ ದಾಸವಾಳಕ್ಕೋ ಇದು ಹರಡುವುದಿಲ್ಲ. ಆದರೆ ಪಕ್ಕದ ಸ್ನ್ಯಾಪ್‌ಡ್ರ್ಯಾಗನ್‌ಗಳಿಗೆ ಗಾಳಿಯಲ್ಲಿ, ನೀರಿನ ಸಿಡಿತದಲ್ಲಿ ಬೇಗ ಹರಡುತ್ತದೆ. ಈ ಪುಡಿಯ ಕಣ ಎಲೆಯ ಮೇಲೆ ಮೊಳೆಯಲು ಎಲೆ ಆರೇಳು ಗಂಟೆ ಒದ್ದೆಯಾಗಿರಬೇಕು, ಹವೆ ತಂಪಾಗಿರಬೇಕು. ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಸಂಜೆ ನೀವು ಮೇಲಿನಿಂದ ಹಾಕಿದ ನೀರು ಬೆಳಗಿನ ತನಕ ಎಲೆ ಮೇಲೆ ಕುಳಿತಿರುತ್ತದೆ. ರೋಗಕ್ಕೆ ಬೇಕಾದ ಎರಡೂ ಸಿಕ್ಕವು ಅಲ್ವಾ?

ಅದಕ್ಕೇ ನೀರು ಬೆಳಗ್ಗೆ, ಬುಡಕ್ಕೆ ಮಾತ್ರ. ಉದ್ದ ಮೂತಿಯ ಕ್ಯಾನ್ ಇದ್ದರೆ ಅನುಕೂಲ. ಇಲ್ಲದಿದ್ದರೆ ಮಗ್ಗಿನಲ್ಲಿ ಎಲೆ ಸರಿಸಿ ಹಾಕಿ. ಅಕಸ್ಮಾತ್ ಎಲೆ ನೆನೆದರೂ ಬಿಸಿಲೇರುವ ಹೊತ್ತಿಗೆ ಒಣಗಿರುತ್ತದೆ. ರೋಗ ಬಂದ ಎಲೆಗಳನ್ನು ಗಿಡ ಒಣಗಿರುವಾಗ ಕಿತ್ತು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಪಾಟುಗಳ ನಡುವೆ ಒಂದು ಅಡಿ ಅಂತರ ಬಿಡಿ. ಅರ್ಧಕ್ಕಿಂತ ಹೆಚ್ಚು ಎಲೆಗೆ ಹಿಡಿದಿದ್ದರೆ ಆ ಗಿಡವನ್ನೇ ತೆಗೆಯುವುದು ಉಳಿದವುಗಳಿಗೆ ಕ್ಷೇಮ. ಅಷ್ಟಕ್ಕೂ ನಿಲ್ಲದಿದ್ದರೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ಎಲೆಯ ಹಿಂಭಾಗ ನೆನೆಯುವ ಹಾಗೆ ಸಿಂಪಡಿಸಿ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಪಕ್ಕದಲ್ಲಿ ಸೊಪ್ಪು ಬೆಳೆಸುತ್ತಿದ್ದರೆ ದೂರ ಸರಿಸಿ. ಮೇಲಿನಿಂದ ನೀರು ಹಾಕುವುದು ನಿಲ್ಲದೆ ಔಷಧ ಮಾತ್ರ ಹೊಡೆದರೆ ದುಡ್ಡು ದಂಡ.

ಮಧ್ಯಾಹ್ನ ನೀರು ಹಾಕಬಾರದು ಎಂಬ ಮಾತಿನ ಬಗ್ಗೆ ಹಲವರು ಕೇಳುತ್ತಾರೆ. ಆ ಹೊತ್ತಿನಲ್ಲಿ ನೀರು ಹೆಚ್ಚು ಆವಿಯಾಗುತ್ತದೆ ನಿಜ. ಅದಕ್ಕಿಂತ ದೊಡ್ಡ ತೊಂದರೆ ಟೆರೇಸಿನ ಪೈಪ್. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಕೈಸುಡುವಷ್ಟು ಕಾದಿರುತ್ತದೆ. ಮೊದಲು ಅದನ್ನು ಬಕೆಟಿಗೆ ಬಿಟ್ಟು ತಣ್ಣಗಾದ ಮೇಲೆ ಬಳಸಿ. ಮಧ್ಯಾಹ್ನ ಎಲೆ ಸ್ವಲ್ಪ ಜೋತು, ಸಂಜೆಗೆ ತಾನಾಗಿ ಎದ್ದರೆ ಚಿಂತೆ ಬೇಡ. ಬಿಸಿಲಿನಲ್ಲಿ ಎಲೆ ಬಿಡುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಕೊಡಲಾಗದೆ ಹಾಗಾಗುತ್ತದೆ. ಬೆಳಗ್ಗೆಯೂ ಜೋತಿದ್ದರೆ ಮಣ್ಣು ಮುಟ್ಟಿ ನೋಡಿ. ಮಣ್ಣು ನಿಜವಾಗಿಯೂ ಒಣಗಿ ಗಿಡ ಬಾಡಿದ್ದರೆ ಸಂಜೆಗೆ ಕಾಯಬೇಡಿ, ಮಧ್ಯಾಹ್ನವಾದರೂ ಬುಡಕ್ಕೆ ನೀರು ಕೊಡಿ.

ನಿಮ್ಮದು ಬೋರ್‌ವೆಲ್ ನೀರೇ, ಕಾವೇರಿ ನೀರೇ ಎಂದು ಬರೆದಿಲ್ಲ. ಗಡಸು ಬೋರ್‌ವೆಲ್ ನೀರಾದರೆ ಪಾಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇಂಥ ನೀರಿನಿಂದ ಮಣ್ಣು ನಿಧಾನವಾಗಿ ಕ್ಷಾರವಾಗುತ್ತದೆ. ಅಂಥ ಮಣ್ಣಿನಲ್ಲಿ ಸ್ನ್ಯಾಪ್‌ಡ್ರ್ಯಾಗನ್‌ಗೂ ಪೆಟೂನಿಯಾಗೂ ಕಬ್ಬಿಣದ ಅಂಶ ಹೀರುವುದು ಕಷ್ಟ. ಆಗ ತುದಿಯ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನಿಮ್ಮ ಗಿಡಗಳಲ್ಲಿ ಹಳದಿಯಾಗಿರುವುದು ಕೆಳಗಿನ ಹಳೆ ಎಲೆ, ಅದು ಬೇರಿನ ತೊಂದರೆಯ ಕಡೆಗೇ ಬೆರಳು ತೋರಿಸುತ್ತದೆ. ಗಡಸು ನೀರಾಗಿದ್ದರೆ ತಿಂಗಳಿಗೊಮ್ಮೆ, ನೀರು ಹಾಕಬೇಕಾದ ದಿನವೇ, ತಳದಿಂದ ಧಾರಾಳವಾಗಿ ಹರಿಯುವಷ್ಟು ಮಳೆನೀರು ಅಥವಾ ಸಿಹಿನೀರು ಹಾಕಿ ಉಪ್ಪನ್ನು ತೊಳೆದುಬಿಡಿ. ಗಡಸು ನೀರನ್ನು ಮೆದುಗೊಳಿಸುವ ಸಾಫ್ಟನರ್‌ನಿಂದ ಬಂದ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದು ಬೇಡ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪು ಇನ್ನೂ ಸಾಂದ್ರವಾಗಿರುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ, 5,000 ರೂಪಾಯಿ ದಂಡ ಎಂದಿತ್ತು. ಆಗ ಅಡುಗೆಮನೆಯ ನೀರನ್ನು ಟೆರೇಸಿಗೆ ಹೊತ್ತವರು ಬಹಳ ಜನ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹೂಗಿಡಗಳಿಗೆ ಧಾರಾಳವಾಗಿ ಆಗುತ್ತದೆ. ಅಂದಂದೇ ಹಾಕಿ, ಹುಳಿಯಲು ಬಿಡಬೇಡಿ. ಉಪ್ಪು ಹಾಕಿ ಬೇಯಿಸಿದ ನೀರು, ವಾಷಿಂಗ್ ಮಷೀನ್ ನೀರು ಪಾಟಿಗೆ ಬೇಡ. ಮಣ್ಣಿನ ಮೇಲೆ ಒಂದು ಇಂಚು ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿದರೆ ನೀರು ಗಣನೀಯವಾಗಿ ಉಳಿಯುತ್ತದೆ. ಕಾಂಡಕ್ಕೆ ತಾಗದ ಹಾಗೆ ಎರಡು ಬೆರಳು ಜಾಗ ಬಿಡಿ. ಬೇರು ಕೊಳೆತಿರುವ ನಿಮ್ಮ ಪಾಟುಗಳಿಗೆ ಸದ್ಯಕ್ಕೆ ಹೊದಿಕೆ ಬೇಡ, ಮೊದಲು ಮಣ್ಣು ಆರಲಿ.

ಉಳಿದ ಗಿಡಗಳನ್ನು ಸ್ನ್ಯಾಪ್‌ಡ್ರ್ಯಾಗನ್ ಲೆಕ್ಕದಲ್ಲೇ ನೋಡಬೇಡಿ. ದಾಸವಾಳಕ್ಕೆ ಎಲೆ ಜಾಸ್ತಿ, ನೀರೂ ಜಾಸ್ತಿ ಬೇಕು. ಒಮ್ಮೆ ಪೂರ್ತಿ ಒಣಗಿದರೆ ಮೊಗ್ಗು ಉದುರಿಸುತ್ತದೆ. ಗುಲಾಬಿಗೆ ಆಳವಾಗಿ ಕೊಟ್ಟು ಬಿಡುವು ಕೊಡಿ. ಅದರ ಎಲೆಯೂ ರಾತ್ರಿ ಒದ್ದೆ ಇರಬಾರದು, ಕಪ್ಪು ಚುಕ್ಕೆ ರೋಗ ಬರುತ್ತದೆ. ಮಲ್ಲಿಗೆಗೆ ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಗಿಡ ಸವರಿ, ಆಮೇಲೆ ಗೊಬ್ಬರ ನೀರು ಕೊಟ್ಟರೆ ಹೊಸ ಚಿಗುರಿನಲ್ಲಿ ಮೊಗ್ಗು ತುಂಬುತ್ತದೆ. ಪೆಟೂನಿಯಾ ಬಾಯಾರಿಕೆಯ ಗಿಡ, ನೇತುಹಾಕಿದ ಬುಟ್ಟಿಯಲ್ಲಿದ್ದರೆ ಇನ್ನೂ ಬೇಗ ಒಣಗುತ್ತದೆ. ಮುಂದೆ ಬೋಗನ್‌ವಿಲ್ಲಾ ತಂದರೆ ಅದನ್ನು ಸ್ವಲ್ಪ ಒಣಗಿಸಿಯೇ ಇಡಿ, ನೀರು ಜಾಸ್ತಿಯಾದರೆ ಬರೀ ಎಲೆ ಬಿಡುತ್ತದೆ. ನಿತ್ಯಪುಷ್ಪವೂ ಹಾಗೇ, ಒಣ ಹವೆಗೆ ಸಾಯುವುದಿಲ್ಲ, ನಿಂತ ನೀರಿಗೆ ಸಾಯುತ್ತದೆ. ಡ್ರಿಪ್ ಹಾಕಿಸುವ ಯೋಚನೆ ಇದ್ದರೆ ನೀರು ಹೆಚ್ಚು ಕುಡಿಯುವ ಗಿಡಗಳನ್ನು ಒಂದು ಸಾಲಿಗೆ, ಕಡಿಮೆ ಬೇಕಾದವನ್ನು ಇನ್ನೊಂದಕ್ಕೆ ಬೇರ್ಪಡಿಸಿ. ಟೈಮರ್‌ಗೆ ಮಣ್ಣಿನ ಸ್ಥಿತಿ ಗೊತ್ತಾಗುವುದಿಲ್ಲ, ತಿಂಗಳಿಗೊಮ್ಮೆ ನೀವೇ ಸಮಯ ಬದಲಿಸಬೇಕು.

ನಿಮ್ಮ ಉಳಿದ ಸ್ನ್ಯಾಪ್‌ಡ್ರ್ಯಾಗನ್‌ಗಳು ಚೇತರಿಸಿಕೊಂಡು ಮೊದಲ ಹೂದಂಡ ಮುಗಿದ ಮೇಲೆ, ಅದನ್ನು ಕೆಳಗಿನ ಚಿಗುರಿನ ಮೇಲಕ್ಕೆ ಕತ್ತರಿಸಿ. ನೀರು ಹದವಾಗಿದ್ದರೆ ಮಾರ್ಚ್ ಹೊತ್ತಿಗೆ ಇನ್ನೊಂದು ಸುತ್ತು ಹೂ ಬರುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು 33-34 ಡಿಗ್ರಿ ದಾಟಿದಾಗ ಗಿಡ ಸೊರಗುತ್ತದೆ. ಅದು ನೀರಿನಿಂದ ಸರಿಯಾಗುವಂಥದ್ದಲ್ಲ, ಈ ಗಿಡದ ಕಾಲ ಮುಗಿದಿರುತ್ತದೆ. ದಿನಕ್ಕೆ ಮೂರು ಸಲ ನೀರು ಹಾಕಿ ಉಳಿಸಲು ಹೋಗಬೇಡಿ.

ಮುಂದಿನ ಸಲ ಸೆಪ್ಟೆಂಬರ್ ಕೊನೆಗೆ ಬೀಜದಿಂದಲೇ ಶುರು ಮಾಡಿ. ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಮಣ್ಣು ಮುಚ್ಚದೆ ಮೇಲೆ ಉದುರಿಸಿ ಮೆಲ್ಲಗೆ ಒತ್ತಿ. ಮೇಲಿನಿಂದ ನೀರು ಹಾಕಿದರೆ ಬೀಜ ಮೂಲೆಗೆ ಕೊಚ್ಚಿ ಹೋಗುತ್ತದೆ. ಟ್ರೇಯನ್ನು ತಟ್ಟೆ ನೀರಿನಲ್ಲಿಟ್ಟು, ಮೇಲ್ಮೈ ಬಣ್ಣ ಕಪ್ಪಾದ ಕೂಡಲೇ ಎತ್ತಿಬಿಡಿ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಆ ಮೇಲೆ ನೀರು ಕಡಿಮೆ ಮಾಡಿ, ಗಾಳಿ ಆಡಲು ಬಿಡಿ, ಇಲ್ಲದಿದ್ದರೆ ಸಸಿಗಳು ಬುಡ ಕೊಳೆತು ಸಾಲಾಗಿ ಮಲಗುತ್ತವೆ. ಮೂರು ನಾಲ್ಕು ಜೊತೆ ಎಲೆ ಬಂದಾಗ ಪಾಟಿಗೆ ಹಾಕಿ, ಬೇರು ಹಿಡಿದ ಮೇಲೆ ಕುಡಿ ಚಿವುಟಿ.